ನಾಲಗೆ ಯಾವ ಕಡೆಗೆ ವಾಲಿತು?

ಸೂಳೆಕೆರೆಯ ಸುತ್ತಿನ ನಮ್ಮ ಊರುಗಳಲ್ಲಿ ಮಾತು ತೊದಲಿದವನನ್ನು ಕಂಡರೆ ‘ಬಾಯಲ್ಲಿ ಅಡಕೆ ಇದೆ’ ಎಂದು ನಗುವವರುಂಟು. ಅಡಕೆ ಇಲ್ಲದೆಯೂ ತೊದಲುವವರಿದ್ದಾರೆ. ಅಂಥವರ ನಾಲಗೆಯನ್ನು ಒಮ್ಮೆ ಹೊರಚಾಚಿಸಿ ನೋಡಬೇಕು.

ನಾಲಗೆಯನ್ನು ಆಡಿಸುವುದು ಮಿದುಳಿನಿಂದ ಹೊರಡುವ 12ನೆಯ ಜೋಡಿ ನರ. ರುಚಿ, ಸ್ಪರ್ಶಗಳು ಬೇರೆ ನರಗಳ ಪಾಲು. ಆದುದರಿಂದ ಇದು ಸೋತವನಿಗೂ ಉಪ್ಪು ಹುಳಿ ತಿಳಿಯುತ್ತದೆ. ಎರಡು ಪಕ್ಕದ ಸ್ನಾಯುಗಳು ಜೋಡೆತ್ತುಗಳಂತೆ ನಾಲಗೆಯನ್ನು ಮುಂದಕ್ಕೆ ತಳ್ಳುತ್ತವೆ. ಎಡದೆತ್ತು ಸೋತರೆ ಗಾಡಿ ಎಡಕ್ಕೇ ತಿರುಗುವುದಷ್ಟೆ? ನಾಲಗೆಯೂ ಸೋತ ಕಡೆಗೇ ವಾಲುತ್ತದೆ.

ಆದರೆ ಪೆಟ್ಟು ನರಕ್ಕೋ ಮಿದುಳಿಗೋ? ತೂಬಿನಿಂದ ಬರುವ ಕಾಲುವೆಯೇ ಒಡೆದರೆ ಗದ್ದೆ ಒಣಗುತ್ತದೆ. ಹಾಗೆ ನರವೇ ಕೆಟ್ಟರೆ ಕೆಲವು ವಾರಗಳಲ್ಲಿ ಆ ಅರ್ಧ ನಾಲಗೆ ಬಡವಾಗಿ ಸುಕ್ಕುಗಟ್ಟುತ್ತದೆ; ಬಾಯೊಳಗೆ ಸುಮ್ಮನಿದ್ದಾಗಲೂ ಸಣ್ಣಗೆ ಅದುರುತ್ತದೆ. ಕತ್ತಿನ ಶಸ್ತ್ರಕ್ರಿಯೆ, ತಲೆಬುರುಡೆಯ ಬುಡದ ಗೆಡ್ಡೆ ಇದಕ್ಕೆ ಕಾರಣವಾಗಬಹುದು. ಪಾರ್ಶ್ವವಾಯುವಿನಲ್ಲಾದರೋ ನಾಲಗೆ ಹಾಗೆ ಸೊರಗದು. ಅದು ಥಟ್ಟನೆ ಬರುತ್ತದೆ, ಜೊತೆಗೆ ಮುಖವೋ ಕೈಯೋ ಸೋಲುವುದುಂಟು. ನಮ್ಮ ನೆರೆಮನೆಯ ಅಜ್ಜನಿಗೆ ಹೀಗಾದಾಗ ಬೆಳಗಾಗಲೆಂದು ಕಾದರು. ಅವರ ಮಾತು ಮರಳಲಿಲ್ಲ. ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ.

ಚನ್ನಗಿರಿ ಸೀಮೆಯಲ್ಲಿ ಇನ್ನೊಂದನ್ನು ಮರೆಯಬಾರದು. ಅಡಕೆ, ಗುಟ್ಕಾ ಜಗಿದು ಜಗಿದು ಬಾಯ ಒಳಪೊರೆ ಬಿಳಿಚಿ ಬಿಗಿದುಕೊಂಡವರಿಗೂ ನಾಲಗೆ ಚಾಚಲಾಗದು. ಆದರೆ ಅವರಿಗೆ ಬಾಯಿಯೇ ಸರಿಯಾಗಿ ತೆರೆಯದು, ಖಾರ ತಾಕಿದರೆ ಉರಿ. ನಾಲಗೆ ಒಂದು ಪಕ್ಕಕ್ಕೆ ವಾಲುವುದಿಲ್ಲ.

ಮುಖದ ನರ ಸೋತು ಬಾಯಿ ಸೊಟ್ಟಗಾದಾಗಲೂ ನಾಲಗೆ ಸೊಟ್ಟಗಿರುವಂತೆ ತೋರುತ್ತದೆ. ಜೋತ ತುಟಿಯನ್ನು ಬೆರಳಿನಿಂದ ಎತ್ತಿ ಹಿಡಿದು ನೋಡಿ, ನಾಲಗೆ ನೆಟ್ಟಗೇ ಇರುತ್ತದೆ.