ಹುರುಳಿ ನೆನೆಸುವ ವಿದ್ಯೆ: ಭಟ್ಕಳ-ಹೊನ್ನಾವರ ಬಂದರುಗಳ ಕುದುರೆ ಮತ್ತು ಜನಪದರ ಮೇವಿನ ಜ್ಞಾನ

ವಿಜಯನಗರ ಕಾಲದ ಕುದುರೆ ವ್ಯಾಪಾರವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಹಡಗುಗಳು, ಬೆಲೆ, ಸುಂಕ, ಒಪ್ಪಂದ, ಯುದ್ಧ ಇವೆಲ್ಲ ಇತಿಹಾಸಕಾರರ ಗಮನಕ್ಕೆ ಬಂದಿವೆ. ಆದರೆ ಹಡಗಿನಿಂದ ಇಳಿದ ಕುದುರೆ ಮರುದಿನ ಬೆಳಿಗ್ಗೆ ಏನನ್ನು ತಿಂದಿತು, ಆ ಮೇವನ್ನು ಯಾರು, ಹೇಗೆ ಸಿದ್ಧಪಡಿಸಿದರು ಎಂಬ ಪ್ರಶ್ನೆಗಳು ಅಷ್ಟಾಗಿ ಕೇಳಲ್ಪಟ್ಟಿಲ್ಲ. ಮೇವು ಸಿದ್ಧಪಡಿಸುವುದು ಲಾಯದಲ್ಲಿ ಕುದುರೆಯಾಳಿನ ಕೆಲಸ. ಕೊಟ್ಟಿಗೆಯಲ್ಲಿ ಹೆಚ್ಚಾಗಿ ಹೆಂಗಸರ ಕೆಲಸ. ಇಬ್ಬರೂ ತಮ್ಮ ತಿಳಿವಳಿಕೆಯನ್ನು ಬರೆದಿಡಲಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯನ್ನು ಕೇಂದ್ರವಾಗಿರಿಸಿಕೊಂಡು, ಕಾಳನ್ನು ನೆನೆಸಿ ಮೇವಾಗಿಸುವ ಈ ವಿದ್ಯೆಯ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರ, ಅದರ ದಕ್ಷಿಣದ ಭಟ್ಕಳ ಮತ್ತು ಕುಮಟಾ ಬಳಿ ಅಘನಾಶಿನಿಯ ದಡದಲ್ಲಿರುವ ಮಿರ್ಜಾನ ಮಧ್ಯಯುಗದಲ್ಲಿ ಘಟ್ಟದ ಮೇಲಿನ ರಾಜ್ಯಗಳಿಗೆ ಸಮುದ್ರದ ಬಾಗಿಲುಗಳಾಗಿದ್ದವು. ಹರ್ಮುಜ್‌ನಿಂದ ಭಟ್ಕಳಕ್ಕೆ ಕುದುರೆಗಳು ಬರುತ್ತಿದ್ದುದನ್ನೂ, ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಹೋಗುತ್ತಿದ್ದುದನ್ನೂ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ ದಾಖಲಿಸಿದ್ದಾನೆ. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ ಈ ವ್ಯಾಪಾರವು ಕ್ರಮೇಣ ಅತ್ತ ಸರಿಯಿತು. ವಿಜಯನಗರದ ಅರಸನು ವರ್ಷಕ್ಕೆ ಹರ್ಮುಜ್‌ನ ಹಾಗೂ ನಾಡತಳಿಯ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು, ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದೆಯೆಂದುಕೊಂಡರೂ, ಅಷ್ಟು ಪ್ರಾಣಿಗಳ ಹೊಟ್ಟೆ ತುಂಬಿಸುವ ಹೊಣೆ ಎಷ್ಟು ದೊಡ್ಡದೆಂಬುದನ್ನು ಊಹಿಸಬಹುದು.

ಇಲ್ಲಿದ್ದ ಮುಖ್ಯ ತೊಡಕೆಂದರೆ ಕುದುರೆ ಹೊರಗಿನದು, ಮೇವು ಇಲ್ಲಿನದು. ಅರಬ್ ಮತ್ತು ಪಾರಸಿಕ ನಾಡುಗಳ ಕುದುರೆಗೆ ಬಾರ್ಲಿ, ಎಂದರೆ ಜವೆಗೋದಿ, ರೂಢಿಯ ಆಹಾರ. ನಮ್ಮ ಕರಾವಳಿ ಭತ್ತದ ನಾಡು. ಸುಮಾರು 1520ರ ವೇಳೆಗೆ ವಿಜಯನಗರವನ್ನು ಕಂಡ ದೊಮಿಂಗೊ ಪಾಯೆಸ್, ಈ ದೇಶದಲ್ಲಿ ಬಾರ್ಲಿ ಇಲ್ಲದ ಕಾರಣ ಮನುಷ್ಯರು ತಿನ್ನುವ ಕಾಳನ್ನೇ ಕುದುರೆಗೂ ಹಾಕುತ್ತಾರೆ ಎಂಬರ್ಥದ ಮಾತು ಬರೆದಿದ್ದಾನೆ. ಕನ್ನಡ ನಾಡಿನ ಒಣಭೂಮಿಯಲ್ಲಿ ಸಮೃದ್ಧವಾಗಿ ಬೆಳೆಯುವ ಹುರುಳಿಗೆ ಇಂಗ್ಲಿಷಿನಲ್ಲಿ ಕುದುರೆಯ ಹೆಸರೇ ಅಂಟಿಕೊಂಡಿರುವುದು ಈ ಬಳಕೆ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಸಾಕ್ಷಿ.

ಬೇಯಿಸಿದ ಮೇವು ಪರದೇಶಿ ಪ್ರವಾಸಿಗರಿಗೆ ವಿಚಿತ್ರವಾಗಿ ಕಂಡಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೋ, ಅಲ್ಲಿನವರು ಕುದುರೆಗಳಿಗೆ ಅನ್ನ, ಮಾಂಸಗಳನ್ನು ಬೇಯಿಸಿ ಹಾಕುತ್ತಾರೆಂದೂ, ಸಾಕುವ ಕ್ರಮ ತಿಳಿಯದೆ ಬಹಳಷ್ಟು ಕುದುರೆಗಳು ಸಾಯುತ್ತವೆಂದೂ ಬರೆದ. ಪಾರಸಿಕ ಇತಿಹಾಸಕಾರ ವಸ್ಸಾಫ್ ಕೂಡ ಹುರಿದ ಜವೆ, ಬೆಣ್ಣೆ ಬೆರೆಸಿದ ಕಾಳು, ಕಾಯಿಸಿದ ಹಸುವಿನ ಹಾಲುಗಳನ್ನು ಹೆಸರಿಸುತ್ತಾನೆ. 1470ರ ಸುಮಾರಿಗೆ ಬೀದರಿನಲ್ಲಿದ್ದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್, ಕುದುರೆಗಳಿಗೆ ಕಾಳು ತಿನ್ನಿಸುವುದನ್ನೂ, ಸಕ್ಕರೆ-ಎಣ್ಣೆ ಬೆರೆಸಿ ಬೇಯಿಸಿದ ಖಿಚಡಿ ಕೊಡುವುದನ್ನೂ ಹೇಳಿದ್ದಾನೆ. ಈ ಹೇಳಿಕೆಗಳನ್ನು ಆಧರಿಸಿ, ದಕ್ಷಿಣದವರಿಗೆ ಕುದುರೆ ಸಾಕಲು ಬಾರದೆಂಬ ತೀರ್ಮಾನವನ್ನು ಮುಂದಿನವರು ಸಲೀಸಾಗಿ ಒಪ್ಪಿಕೊಂಡರು. ಈ ತೀರ್ಮಾನವನ್ನು ಮರುಪರಿಶೀಲಿಸುವ ಅಗತ್ಯವಿದೆ. ಮಾಂಸ ಮತ್ತು ಅತಿಯಾದ ಜಿಡ್ಡು ಕುದುರೆಗೆ ಸಹಜ ಆಹಾರವಲ್ಲ ಎಂಬುದು ನಿಜ. ಆದರೆ ಕಾಳನ್ನು ನೆನೆಸಿ ಬೇಯಿಸುವುದು ಅಜ್ಞಾನವಲ್ಲ.

ಇದು ಪ್ರಾಚೀನ ಪದ್ಧತಿಯೂ ಹೌದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯವನ್ನು ಹೇಳುವಾಗ, ಅಕ್ಕಿ, ಜವೆ, ನವಣೆಗಳನ್ನು ಅರ್ಧ ಒಣಗಿದ ಅಥವಾ ಅರ್ಧ ಬೆಂದ ಸ್ಥಿತಿಯಲ್ಲಿ, ಇಲ್ಲವೆ ಹೆಸರು, ಉದ್ದುಗಳನ್ನು ಬೇಯಿಸಿ ಕೊಡುವ ವಿಧಿಯಿದೆ. ಮೇವಿನ ಉಂಡೆಯನ್ನು ತೋಯಿಸಲು ರಸ ಅಥವಾ ಮೊಸರು ಎಷ್ಟಿರಬೇಕೆಂದೂ ಹೇಳಲಾಗಿದೆ. ಒಣ ಮೇವನ್ನು ಒದ್ದೆಮಾಡಿ ಕೊಡಬೇಕೆಂಬ ತಿಳಿವಳಿಕೆ ಆಗಲೇ ಶಾಸ್ತ್ರದ ರೂಪ ಪಡೆದಿತ್ತು.

ಜನಪದರಲ್ಲಿ ಈ ವಿದ್ಯೆ ಬಾಯಿಮಾತಿನಲ್ಲಿ ಮತ್ತು ಕೈ ಅಳತೆಯಲ್ಲಿ ಉಳಿದಿದೆ. ಅದರ ಕ್ರಮ ಹೀಗಿದೆ. ಮೊದಲು ಹುರುಳಿಯನ್ನು ಮೊರದಲ್ಲಿ ಕೇರಿ ಕಲ್ಲು, ಮಣ್ಣುಹೆಂಟೆಗಳನ್ನು ತೆಗೆಯಬೇಕು. ತೊಳೆಯುವಾಗ ತೇಲುವ ಜೊಳ್ಳನ್ನು ಚೆಲ್ಲಬೇಕು. ಅಳತೆಗೆ ಮೂರರಷ್ಟು ನೀರು ಹಾಕಿ ರಾತ್ರಿಯಿಡೀ, ಎಂದರೆ ಎಂಟು-ಹತ್ತು ಗಂಟೆ ನೆನೆಸಬೇಕು. ಕಾಳು ನೀರುಂಡು ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಪಾತ್ರೆ ದೊಡ್ಡದಿರಬೇಕು. ಬೆಳಿಗ್ಗೆ ನೆನೆಸಿದ ನೀರನ್ನು ಬಸಿದು, ಹೊಸ ನೀರಿನಲ್ಲಿ ಹಂಡೆಗೇರಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿದರೆ ಹಿಟ್ಟಾಗುವವರೆಗೆ ಬೇಯಿಸಬೇಕು. ಕಾಳಿನ ನಡುವೆ ಗಟ್ಟಿ ಸಿಕ್ಕಿದರೆ ಇನ್ನೂ ಆಗಿಲ್ಲವೆಂದೇ ಅರ್ಥ. ಬಸಿದ ಕಟ್ಟು ಮನೆಯವರ ಸಾರಿಗೆ, ಬೆಂದ ಕಾಳು ಪ್ರಾಣಿಗೆ. ಹೀಗೆ ಒಂದೇ ಹಂಡೆ ಅಡುಗೆಮನೆಯನ್ನೂ ಕೊಟ್ಟಿಗೆಯನ್ನೂ ಬೆಸೆಯುತ್ತದೆ. ಆರಿದ ಕಾಳಿಗೆ ತವುಡು, ಸ್ವಲ್ಪ ಉಪ್ಪು ಬೆರೆಸಿ, ಹುಲ್ಲಿನ ಜೊತೆ ಕೊಡುವುದು ರೂಢಿ. ಕುದುರೆಗಾದರೆ ಕಾಳನ್ನು ತೋಬರದಲ್ಲಿ ತುಂಬಿ ಮೂತಿಗೆ ಕಟ್ಟುವ ಪದ್ಧತಿಯಿತ್ತು.

ಈ ಪ್ರತಿಯೊಂದು ಹಂತಕ್ಕೂ ಕಾರಣವಿದೆ. ಹಸಿ ಹುರುಳಿಯಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಯನ್ನು ತಡೆಯುವ ಅಂಶಗಳಿವೆ. ನೆನೆಸುವುದರಿಂದ ಅವು ಸ್ವಲ್ಪಮಟ್ಟಿಗೆ, ಬೇಯಿಸುವುದರಿಂದ ಬಹುಮಟ್ಟಿಗೆ ತಗ್ಗುತ್ತವೆ. ಕುದುರೆಯ ದೇಹಕ್ಕಿರುವ ಹೊಟ್ಟೆ ಚಿಕ್ಕದು. ಅದಕ್ಕೆ ವಾಂತಿ ಮಾಡಲಾಗದು. ಒಣಕಾಳನ್ನು ಆತುರದಿಂದ ನುಂಗಿದರೆ ಅದು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಅದು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುಳಿತು ಹೊಟ್ಟೆಶೂಲೆಯನ್ನೂ ಗೊರಸಿನ ಉರಿಯೂತವನ್ನೂ ತರಬಲ್ಲದು. ಆದುದರಿಂದಲೇ ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ದನ, ಎಮ್ಮೆಗಳು ಮೆಲುಕು ಹಾಕುವ ಪ್ರಾಣಿಗಳಾದ್ದರಿಂದ ತುಸು ಹುಳಿತ ಅಕ್ಕಚ್ಚನ್ನೂ ತಾಳಿಕೊಳ್ಳುತ್ತವೆ, ಕುದುರೆ ತಾಳದು. ಕರಾವಳಿಯ ಸೆಕೆಯಲ್ಲಿ ನೆನೆದ ಕಾಳು ಬೇಗ ಹಳಸುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನೆನೆಸುವ ಹೊತ್ತನ್ನು ಕಡಿಮೆ ಮಾಡಿ, ಮೂಸಿ ನೋಡಿ, ಹುಳಿವಾಸನೆ ಬಂದುದನ್ನು ಚೆಲ್ಲಬೇಕು. ಕೊಟ್ಟಿಗೆಯ ಹಂಡೆಯೂ ಲಾಯದ ಹಂಡೆಯೂ ನೋಡಲು ಒಂದೇ. ಎಚ್ಚರದ ಪ್ರಮಾಣ ಮಾತ್ರ ಬೇರೆ.

ಇದೇ ತರ್ಕವನ್ನು ಬೇರೆ ನಾಡುಗಳಲ್ಲಿಯೂ ಕಾಣಬಹುದು. ಯುರೋಪಿನಲ್ಲಿ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಸಿಪ್ಪೆಯನ್ನು ಒಣಗಿಸಿ ಕುದುರೆಗಳಿಗೆ ಹಾಕುತ್ತಾರೆ. ಅದು ತನ್ನ ತೂಕದ ಹಲವು ಪಟ್ಟು ನೀರು ಹೀರಿ ಉಬ್ಬುವುದರಿಂದ ಮೊದಲೇ ನೆನೆಸುವುದು ಅಲ್ಲಿನ ರೂಢಿ. ಎಳೆಯಂತಿರುವ ಸಿಪ್ಪೆಗೆ ಒಂದೆರಡು ಗಂಟೆ ಸಾಕು. ಒತ್ತಿ ಗಟ್ಟಿಮಾಡಿದ ಬಿಲ್ಲೆಗಳಿಗೆ ಕೆಲವೊಮ್ಮೆ ಇಡೀ ದಿನ ಬೇಕು. ಅಲ್ಲಿಯೂ ಸೆಕೆಗಾಲದಲ್ಲಿ ಹುಳಿತುದನ್ನು ಚೆಲ್ಲುತ್ತಾರೆ. ವ್ಯತ್ಯಾಸವಿಷ್ಟೆ: ಬೀಟ್ ಸಿಪ್ಪೆ ನಾರಿನ ಮೇವು, ನೆನೆದರೆ ಸಾಕು, ಹುರುಳಿ ಪ್ರೋಟೀನಿನ ಕಾಳು, ಬೇಯಬೇಕು. ಕಬ್ಬಿನ ಸಕ್ಕರೆಯ ನಾಡಾದ ನಮ್ಮಲ್ಲಿ ಆ ಸಿಪ್ಪೆಯ ಬಳಕೆ ಬೆಳೆಯಲಿಲ್ಲ; ನೆನೆಸುವ ವಿವೇಕ ಕಾಳಿನ ಸುತ್ತ ಬೆಳೆಯಿತು.

ಕರಾವಳಿಯ ಬಂದರುಗಳಿಂದ ಕುದುರೆ ಎಂದೋ ಮರೆಯಾಯಿತು. ಆದರೆ ಹಂಡೆ ಉಳಿಯಿತು. ಬಾಣಂತಿ ಎಮ್ಮೆಗೆ, ಉಳುವ ಎತ್ತಿಗೆ, ಭಟ್ಕಳದ ದಕ್ಷಿಣಕ್ಕೆ ಕಂಬಳದ ಕೋಣಗಳಿಗೆ ಹುರುಳಿ ಬೇಯಿಸುವುದು ಬಹುಕಾಲ ನಡೆದುಬಂದಿದೆ. ಲಾಯದ ವಿದ್ಯೆಯೇ ಕೊಟ್ಟಿಗೆಗೆ ಬಂದಿತೆಂದಾಗಲಿ, ಕೊಟ್ಟಿಗೆಯದು ಲಾಯಕ್ಕೆ ಹೋಯಿತೆಂದಾಗಲಿ ಹೇಳುವುದು ಅವಸರದ ಮಾತಾದೀತು. ಎರಡೂ ಒಂದೇ ಜ್ಞಾನದ ಕವಲುಗಳೆಂದು ಹೇಳುವುದು ಹೆಚ್ಚು ಸಮಂಜಸ. ಸಿದ್ಧ ಪಶು ಆಹಾರದ ಚೀಲಗಳು ಮನೆಮನೆಗೆ ತಲುಪಿ, ಕೊಟ್ಟಿಗೆಗಳೇ ಬರಿದಾಗುತ್ತಿರುವ ಈ ಹೊತ್ತಿನಲ್ಲಿ ಆ ಹಂಡೆಯೂ ಒಲೆಯಿಂದ ಇಳಿಯುತ್ತಿದೆ. ಜಾನಪದ ಸಂಗ್ರಹವೆಂದರೆ ಹಾಡು, ಕಥೆಗಳಷ್ಟೇ ಎಂಬ ಭಾವನೆಯನ್ನು ಬಿಟ್ಟು, ಯಾವ ಋತುವಿನಲ್ಲಿ ಎಷ್ಟು ಹೊತ್ತು ನೆನೆಸುತ್ತಾರೆ, ಯಾವ ಅಳತೆ ಬಳಸುತ್ತಾರೆ, ಬೆಂದುದನ್ನು ಹೇಗೆ ಗುರುತಿಸುತ್ತಾರೆ, ಕೆಟ್ಟುದನ್ನು ಯಾವ ಮಾತಿನಿಂದ ಕರೆಯುತ್ತಾರೆ ಎಂಬುದನ್ನು ಬಲ್ಲವರಿಂದ ಕೇಳಿ ಬರೆದಿಡಬೇಕಾಗಿದೆ. ಕುದುರೆಯ ಬೆಲೆಯನ್ನು ಪರದೇಶಿಗಳು ಬರೆದಿಟ್ಟರು. ಅದನ್ನು ಬದುಕಿಸಿದ ಕೈಗಳ ತಿಳಿವಳಿಕೆಯನ್ನು ಬರೆದಿಡುವ ಹೊಣೆ ನಮ್ಮದು.