ಕರಿಯ ತೋಟ ಕಾಯ್ತಾನಾ?

ಕರಿಯನಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ತಿಪಟೂರಿನಿಂದ ಹೊನ್ನವಳ್ಳಿಗೆ ಕರೆತಂದಾಗ ತಾತ ಮುಖ ತಿರುಗಿಸಿದರು. ‘ಇನ್ನು ಇದು ತೋಟ ಕಾಯುತ್ತಾ?’

ಮೊದಲ ದಿನ ಅರಿವಳಿಕೆಯ ಮಂಪರಿನಲ್ಲಿ ತೂರಾಡಿದ, ಊಟ ಮೂಸಲಿಲ್ಲ. ಹೊಲಿಗೆ ನೆಕ್ಕದಂತೆ ಕೊರಳಿಗೆ ಆಲಿಕೆಯಂಥ ಪ್ಲಾಸ್ಟಿಕ್ ಕಾಲರ್. ಅದನ್ನು ಹಾಕಿಕೊಂಡು ಕೊಬ್ಬರಿ ಅಟ್ಟದ ಕಂಬಗಳಿಗೆಲ್ಲ ಡಿಕ್ಕಿ. 10–14 ದಿನ ಸ್ನಾನ, ಓಟ ಎರಡೂ ಬಂದ್.

ಗಾಯ ಮಾಗಿದರೂ ಬೀದಿ ಸುತ್ತುವುದು ನಿಲ್ಲಲಿಲ್ಲ. ಹಳೇ ಚಾಳಿ ಇಳಿಯಲು ವಾರಗಟ್ಟಲೆ ಬೇಕಂತೆ. ಒಳಗೆ ಉಳಿದ ವೀರ್ಯಾಣುಗಳಿಂದ ಇನ್ನೂ ಕೆಲವು ವಾರ ಮರಿಯಾಗುವ ಸಾಧ್ಯತೆಯೂ ಇರುತ್ತದೆ! ಹಾಗಾಗಿ ಕಟ್ಟಿಹಾಕಿದೆವು.

ಕಾವಲು ಬುದ್ಧಿ ಮಾತ್ರ ಎಲ್ಲೂ ಹೋಗಿಲ್ಲ. ಮೊನ್ನೆ ರಾತ್ರಿ ತೋಟದಲ್ಲಿ ಯಾರದೋ ಟಾರ್ಚ್ ಕಂಡು ಬೊಗಳಿದ್ದಕ್ಕೆ ಊರೇ ಎದ್ದಿತು. ಬೆಳಿಗ್ಗೆ ತಾತ ತಮ್ಮ ತಟ್ಟೆಯ ಮುದ್ದೆಯನ್ನೇ ಮುರಿದು ಹಾಕಿದರು. ಆಪರೇಷನ್ ಆದ ನಾಯಿಗೆ ಹಸಿವು ಹೆಚ್ಚು, ಬೇಗ ದಪ್ಪಗಾಗುತ್ತೆ ಎಂದರೆ ಕೇಳುತ್ತಿಲ್ಲ.