ಮಾಯೆಯ ಅಣಬೆಯ ಬೆನ್ನು ಹತ್ತಿದವರು

ಕಳೆದ ದೀಪಾವಳಿಯ ರಜೆಯಲ್ಲಿ ಬೆಂಗಳೂರಿನಿಂದ ಊರಿಗೆ ಬಂದಿದ್ದ ನಮ್ಮ ಅಣ್ಣನ ಮಗ ಒಂದು ಸಂಜೆ ಜಗಲಿಯಲ್ಲಿ ನಮ್ಮ ಬದಿಗೆ ಬಂದು ಕುಳಿತು ಕೈಯಲ್ಲಿದ್ದ ಫೋನಿನೊಳಗಿನ ಚಿತ್ರವೊಂದನ್ನು ತೋರಿಸಿದನು. ಹುಲ್ಲಿನ ನಡುವೆ ತಲೆಯೆತ್ತಿ ನಿಂತ ಕಂದು ಬಣ್ಣದ ಪುಟ್ಟ ಅಣಬೆ. “ಅಪ್ಪಚ್ಚೀ, ಇದು ನಮ್ಮ ಗುಡ್ಡೆಲಿಯೂ ಇಕ್ಕೋ?” ಎಂದು ಕೇಳಿದನು. ಹುಡುಗನಿಗೆ ಸಸ್ಯಶಾಸ್ತ್ರದಲ್ಲಿ ಆಸಕ್ತಿ ಹುಟ್ಟಿತೆಂದು ನಾವು ಸಂತೋಷಪಟ್ಟೆವು. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಅದನ್ನು ತಿಂದವರಿಗೆ ಬಣ್ಣಗಳು ಉಸಿರಾಡುವಂತೆ ಕಾಣುವುದಂತೆ, ಗೋಡೆಗಳು ಅಲುಗುವುವಂತೆ, ಕಾಲ ನಿಂತೇ ಹೋದಂತೆ ತೋರುವುದಂತೆ. ಇಂಗ್ಲೆಂಡಿನಲ್ಲಿ ಶರತ್ಕಾಲ ಬಂದಿತೆಂದರೆ ತರುಣರು ಚೀಲ ಹಿಡಿದು ಹುಲ್ಲುಗಾವಲುಗಳಿಗೆ ನಡೆಯುವರಂತೆ. ಅವನ ಗೆಳೆಯರಲ್ಲಿ ಕೆಲವರು ಘಟ್ಟದ ಊರುಗಳಲ್ಲಿ ಅದನ್ನು ಅರಸುವ ಮಾತನಾಡುತ್ತಿದ್ದರಂತೆ.

ಆ ಸಂಜೆ ನಾವು ಅವನಿಗೆ ಕೊಟ್ಟುದು ಉತ್ತರವಲ್ಲ, ಗದರಿಕೆ. ಅವನು ಸುಮ್ಮನೆ ಎದ್ದು ಒಳಗೆ ಹೋದನು. ಗದರಿಕೆಯಿಂದ ಪ್ರಶ್ನೆ ಸಾಯುವುದಿಲ್ಲ, ನಮ್ಮೆದುರಿಗೆ ಬರುವುದನ್ನು ಮಾತ್ರ ನಿಲ್ಲಿಸುತ್ತದೆ ಎಂಬುದು ರಾತ್ರಿ ಮಲಗಿದಾಗ ಹೊಳೆಯಿತು. ಅಂದಿನಿಂದ ಈ ವಿಷಯವಾಗಿ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಗಡಿನಾಡಿನ ಬೇರೆ ಜಗಲಿಗಳಲ್ಲಿಯೂ ಇದೇ ಪ್ರಶ್ನೆ ಎದ್ದಿರಬಹುದು.

ಅಣಬೆ ನಮಗೆ ಹೊಸತೇನಲ್ಲ. ಮೊದಲ ಗುಡುಗು ಗುಡುಗಿ ಮಳೆ ಹಿಡಿದ ಕೆಲವೇ ದಿನಗಳಲ್ಲಿ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಕಲ್ಲಣಬೆ ಅರಸುವವರು ಕಾಣಿಸಿಕೊಳ್ಳುತ್ತಾರೆ. ತುಳುವಿನಲ್ಲಿ ಲಾಂಬು ಎನ್ನುವ ಇದರ ಪದಾರ್ಥಕ್ಕೆ ಮೀನಿನ ಸಾರನ್ನೂ ಬದಿಗೆ ಸರಿಸುವವರುಂಟು. ಹುತ್ತದ ಮೇಲೆ ಏಳುವ ದೊಡ್ಡ ಕೊಡೆಗಳಿಗಂತೂ ಅಣ್ಣತಮ್ಮಂದಿರಲ್ಲಿಯೇ ಪೈಪೋಟಿ. ಇನ್ನೊಂದು ಕಡೆ, ಬೆಳ್ಳುಳ್ಳಿ ಈರುಳ್ಳಿಗಳ ಸಾಲಿನಲ್ಲಿಯೇ ಅಣಬೆಯನ್ನೂ ಸೇರಿಸಿ ದ್ವಿಜರಿಗೆ ವರ್ಜ್ಯವೆಂದ ಮನುಸ್ಮೃತಿಯನ್ನು ನೆನೆದು ಅದನ್ನು ಅಂಗಳಕ್ಕೂ ತಾರದ ಮನೆಗಳೂ ನಮ್ಮಲ್ಲಿವೆ. ಒಂದೇ ಗುಡ್ಡದ ಎರಡು ಬದಿಗಳಲ್ಲಿ ಪ್ರೀತಿಯೂ ಭೀತಿಯೂ ನೆರೆಹೊರೆಯಾಗಿ ಬಾಳಿವೆ. ಆದರೆ ತಿಂದು ಬೇರೊಂದು ಲೋಕ ಕಾಣಬೇಕೆಂದು ಅಣಬೆ ಕಿತ್ತವರ ಸುದ್ದಿಯನ್ನು ನಮ್ಮ ಹಿರಿಯರ ಬಾಯಿಂದ ನಾವು ಕೇಳಿಲ್ಲ.

ಹುಡುಗ ತೋರಿಸಿದ ಚಿತ್ರದ ಅಣಬೆ ಇಂಗ್ಲೆಂಡಿನದು. ಅಲ್ಲಿಯೂ ಜನ ಮೊದಲು ಅದನ್ನು ಬೇಕೆಂದು ತಿಂದುದಲ್ಲ. 1799ರ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಲಂಡನ್ ನಗರದ ಬಡವನೊಬ್ಬನು ಗ್ರೀನ್ ಪಾರ್ಕ್ ಎಂಬ ಉದ್ಯಾನದಲ್ಲಿ ಅಣಬೆಗಳನ್ನು ಆಯ್ದು ತಂದು ಬೇಯಿಸಿ ಹೆಂಡತಿ ಮಕ್ಕಳೊಡನೆ ಉಂಡನು. ಸ್ವಲ್ಪ ಹೊತ್ತಿನಲ್ಲಿ ಅವನ ಕಣ್ಣ ಮುಂದೆ ಕಪ್ಪು ಚುಕ್ಕೆಗಳೂ ಬಣ್ಣದ ಮಿಂಚುಗಳೂ ಕುಣಿಯತೊಡಗಿದುವು. ಮನೆಯವರೆಲ್ಲರಿಗೂ ತಲೆಸುತ್ತು, ಹೊಟ್ಟೆಸಂಕಟ. ಸಹಾಯಕ್ಕೆಂದು ಹೊರಟ ತಂದೆ ದಾರಿಯಲ್ಲಿ ತಾನು ಹೊರಟುದೇತಕ್ಕೆಂಬುದನ್ನೇ ಮರೆತನು. ಎಂಟು ವರ್ಷದ ಮಗನಿಗೆ ಮಾತ್ರ ತಡೆಯಲಾರದ ನಗು. ಹೆತ್ತವರು ಬೆದರಿಸಿದರೂ ಆ ನಗು ನಿಲ್ಲಲಿಲ್ಲ. ಎವರಾರ್ಡ್ ಬ್ರಾಂಡ್ ಎಂಬ ವೈದ್ಯನು ಬಂದು ವಾಂತಿ ಮಾಡಿಸಿ ಉಪಚರಿಸಿದನು, ಎಲ್ಲರೂ ಚೇತರಿಸಿಕೊಂಡರು. ಅವನು ಅದನ್ನೆಲ್ಲ ಬರೆದು ವೈದ್ಯಕೀಯ ಪತ್ರಿಕೆಗೆ ಕಳುಹಿಸಿದುದರಿಂದ ಇನ್ನೂರು ವರ್ಷಗಳ ಮೇಲೆ ಆ ಬಾಲಕನ ನಗು ನಮ್ಮ ಕಿವಿಗೂ ಬಿದ್ದಿದೆ. ಬ್ರಾಂಡನು ಇಟ್ಟ ತಲೆಬರೆಹದಲ್ಲಿ ಮಾಯೆ ಇರಲಿಲ್ಲ. ವಿಷದ ಅಣಬೆ ಎಂದಷ್ಟೇ ಇತ್ತು.

ಆ ಕಾಲದ ಫ್ರಾನ್ಸಿನ ಕ್ರಾಂತಿಕಾರರು ಧರಿಸುತ್ತಿದ್ದ ‘ಸ್ವಾತಂತ್ರ್ಯದ ಟೊಪ್ಪಿಗೆ’ಯನ್ನು ಈ ಅಣಬೆಯ ಮೊನಚು ತಲೆ ಹೋಲುವುದೆಂದು ಆಂಗ್ಲ ಕವಿ ಕೋಲರಿಜ್ 1812ರಲ್ಲಿ ಬರೆದನು. ಲಿಬರ್ಟಿ ಕ್ಯಾಪ್ ಎಂಬ ಹೆಸರು ಇಂದಿಗೂ ಅದಕ್ಕೆ ಉಳಿದಿದೆ. ಆ ಬಳಿಕ ಒಂದೂವರೆ ಶತಮಾನ ಅದನ್ನು ಹುಡುಕಿಕೊಂಡು ಹೋದವರು ಬಹುಶಃ ಯಾರೂ ಇಲ್ಲ. ಕುರಿಗಳು ಮೇಯುವ ವೇಲ್ಸಿನ ಗುಡ್ಡಗಳಲ್ಲಿ ವರ್ಷವರ್ಷವೂ ಎದ್ದು ವರ್ಷವರ್ಷವೂ ಕೊಳೆಯಿತು.

ಜನ ಅದರ ಬೆನ್ನು ಹತ್ತುವಂತೆ ಮಾಡಿದ ಸಂಗತಿ ನಡೆದುದು ಇಂಗ್ಲೆಂಡಿನಲ್ಲಲ್ಲ, ಮೆಕ್ಸಿಕೋ ದೇಶದಲ್ಲಿ. ಮಾಡಿದವನು ನ್ಯೂಯಾರ್ಕಿನ ಒಬ್ಬ ಬ್ಯಾಂಕ್ ಅಧಿಕಾರಿ. ಗಾರ್ಡನ್ ವ್ಯಾಸನ್ ಎಂಬ ಈತನು 1927ರಲ್ಲಿ ರಷ್ಯಾ ಮೂಲದ ವೈದ್ಯೆಯಾದ ತನ್ನ ನವವಧು ವ್ಯಾಲೆಂಟಿನಾಳೊಡನೆ ಬೆಟ್ಟದ ಕಾಡಿನಲ್ಲಿ ತಿರುಗಾಡುತ್ತಿದ್ದಾಗ ಆಕೆ ಹರ್ಷದಿಂದ ಕೂಗಿ ಅಣಬೆಗಳ ಮುಂದೆ ಮೊಣಕಾಲೂರಿ ಕುಳಿತಳಂತೆ. ಗಂಡನಿಗೆ ಗಾಬರಿ. ಅಂದು ರಾತ್ರಿ ಆಕೆ ಬೇಯಿಸಿದುದನ್ನು ಅವನು ಮುಟ್ಟಲಿಲ್ಲ; ಬೆಳಗಾಗುವಾಗ ತಾನು ವಿಧುರನಾಗಿರುವೆನೆಂದೇ ನಂಬಿದ್ದನು! ನಮ್ಮ ಗುಡ್ಡದ ಎರಡು ಬದಿಗಳಂತೆಯೇ ಒಂದೇ ದಾಂಪತ್ಯದಲ್ಲಿ ಪ್ರೀತಿಯೂ ಭೀತಿಯೂ. ಹೀಗೇಕೆಂದು ದಂಪತಿಗಳಿಬ್ಬರೂ ಹಲವು ವರ್ಷ ದೇಶದೇಶಗಳ ಅಣಬೆಯ ಕಥೆಗಳನ್ನು ಸಂಗ್ರಹಿಸಿದರು. ವೇದದ ಸೋಮರಸವೂ ಒಂದು ಅಣಬೆಯದೇ ಎಂದು ಮುಂದೆ 1968ರಲ್ಲಿ ವ್ಯಾಸನ್ ಒಂದು ಗ್ರಂಥವನ್ನೇ ಬರೆದನು. ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ, ನಮಗೂ ಒಪ್ಪಿಗೆಯಾಗದು.

ಆ ಅರಸಾಟ ಅವನನ್ನು 1955ರ ಜೂನ್ ತಿಂಗಳಲ್ಲಿ ಮೆಕ್ಸಿಕೋದ ವಾಹಾಕಾ ಪ್ರಾಂತದ ವಾವುತ್ಲಾ ಎಂಬ ಬೆಟ್ಟದೂರಿಗೆ ತಂದಿತು. ಅಲ್ಲಿಯ ಮಸಾತೆಕ್ ಜನರಲ್ಲಿ ಮರಿಯಾ ಸಬೀನಾ ಎಂಬ ಓದುಬರೆಹವರಿಯದ ಹೆಂಗಸು ರೋಗಿಗಳಿಗಾಗಿ ರಾತ್ರಿಯೆಲ್ಲ ಹಾಡುತ್ತ ಈ ಬಗೆಯ ಅಣಬೆಗಳಿಂದ ಆರಾಧನೆ ನಡೆಸುತ್ತಿದ್ದಳು. ಆಕೆಗೆ ಅವು ‘ಪವಿತ್ರ ಮಕ್ಕಳು’. ಅವನ್ನು ಸೇವಿಸುವುದು ಕಾಯಿಲೆಯ ಮೂಲವನ್ನು ಅರಿಯುವುದಕ್ಕೆ, ಪ್ರಾರ್ಥನೆಗೆ, ಕತ್ತಲಿನಲ್ಲಿ, ಮಡಿಯಿಂದ. ವಿನೋದಕ್ಕೆಂದು ಯಾರೂ ತಿನ್ನುತ್ತಿರಲಿಲ್ಲ. ಹೊರಗಿನವನಾದ ವ್ಯಾಸನನಿಗೆ ಆಕೆ ಆ ರಾತ್ರಿಯ ಬಾಗಿಲು ತೆರೆದಳು. 1957ರ ಮೇ 13ರ ‘ಲೈಫ್’ ಪತ್ರಿಕೆಯಲ್ಲಿ ಅವನು ಅದನ್ನು ಚಿತ್ರಸಹಿತ ವರ್ಣಿಸಿದನು. ಆಕೆಯ ಹೆಸರನ್ನೂ ಊರನ್ನೂ ಮರೆಮಾಡಿದನಾದರೂ ಆ ಮರೆ ಬಹುಕಾಲ ನಿಲ್ಲಲಿಲ್ಲ.

ಮರುವರ್ಷವೇ, 1958ರಲ್ಲಿ, ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್ಮನ್ ಆ ಅಣಬೆಗಳಿಂದ ಸೈಲೊಸಿಬಿನ್ ಎಂಬ ಸತ್ವವನ್ನು ಬೇರ್ಪಡಿಸಿದನು. 1962ರಲ್ಲಿ ಅವನು ಅದೇ ಸತ್ವದ ಗುಳಿಗೆಗಳನ್ನು ಮರಿಯಾ ಸಬೀನಾಳಿಗೆ ಕೊಂಡೊಯ್ದನು. ಅಣಬೆಗಳ ಋತು ಮುಗಿದಿತ್ತು; ಗುಳಿಗೆಯಲ್ಲಿಯೂ ಅದೇ ಶಕ್ತಿ ಇದೆಯೆಂದು ಆಕೆ ಒಪ್ಪಿಕೊಂಡಳು. ಲಂಡನ್ನಿನ ಬಾಲಕನನ್ನು ನಗಿಸಿದುದೂ ಇದೇ ಸತ್ವವೆಂಬುದು 1963ರಲ್ಲಿ ಲಿಬರ್ಟಿ ಕ್ಯಾಪಿನ ಪರೀಕ್ಷೆ ನಡೆದಾಗ ತಿಳಿಯಿತು. ದೇಹ ಸೇರಿದ ಮೇಲೆ ಅದು ಸೈಲೊಸಿನ್ ಆಗಿ ಮಾರ್ಪಟ್ಟು, ಮಿದುಳಿನಲ್ಲಿ ಸಿರೊಟೋನಿನ್ ಎಂಬ ದ್ರವ್ಯ ಕೆಲಸ ಮಾಡುವ ಎಡೆಗಳಲ್ಲಿಯೇ ಹೋಗಿ ಕೂಡುತ್ತದೆ.

ಇತ್ತ ಮರಿಯಾ ಸಬೀನಾಳ ಪಾಡೇನಾಯಿತು? ಅರುವತ್ತರ ದಶಕದಲ್ಲಿ ಅಮೆರಿಕೆಯಿಂದ, ಯುರೋಪಿನಿಂದ ತರುಣರು ಗುಂಪುಗುಂಪಾಗಿ ಆ ಬೆಟ್ಟವೇರಿ ಬಂದರು. ಹಗಲಿನಲ್ಲಿಯೇ, ನಗುತ್ತ, ಬೀದಿಯಲ್ಲಿ ಅಣಬೆ ತಿಂದರು. ಪೋಲೀಸರು ಬಂದರು. ಊರಿನವರ ಸಿಟ್ಟು ಆಕೆಯ ಮೇಲೆ ತಿರುಗಿತು, ಆಕೆಯ ಮನೆಯನ್ನು ಸುಟ್ಟರು. ಹೊರಗಿನವರು ಬಂದ ಮೇಲೆ ಅಣಬೆಗಳ ಶಕ್ತಿ ಹೋಯಿತೆಂದು ಆಕೆ ಮುಪ್ಪಿನಲ್ಲಿ ದುಃಖಿಸುತ್ತಿದ್ದಳು. 1985ರಲ್ಲಿ ಬಡತನದಲ್ಲಿಯೇ ತೀರಿಕೊಂಡಳು. ವ್ಯಾಸನನಿಗೂ ಇದರಿಂದ ನೋವಾಗಿತ್ತು. ಆದರೆ ಲೇಖನ ಬರೆದವನ ನೋವಿಗೂ ಮನೆ ಸುಟ್ಟವಳ ನೋವಿಗೂ ಬಹಳ ಅಂತರವುಂಟು. ಪತ್ರಿಕೆಯಲ್ಲಿ ಬರೆಯುವ ನಾವೂ ಇದನ್ನು ಮರೆಯುವಂತಿಲ್ಲ. ಗಿಡಮೂಲಿಕೆ ಬಲ್ಲ ನಮ್ಮ ಕಾಡಿನ ಜನರ ಕುರಿತು ಚಿತ್ರಸಹಿತ ಬರೆಯುವಾಗ ನಾವು ಎಷ್ಟು ಜನ ಹೀಗೆ ಯೋಚಿಸಿದ್ದೇವೆ?

ದೂರದ ಬೆಟ್ಟದಲ್ಲಿದ್ದ ಮಾಯೆ ತಮ್ಮ ಕುರಿಗಳ ಗೋಮಾಳದಲ್ಲಿಯೂ ಇದೆಯೆಂದು ಗೊತ್ತಾದ ಮೇಲೆ ಬ್ರಿಟನ್ನಿನಲ್ಲಿಯೂ ಶರತ್ಕಾಲದ ಅಣಬೆ ಬೇಟೆ ಒಂದು ರೂಢಿಯೇ ಆಯಿತು. ಅಲ್ಲಿನ 1971ರ ಕಾಯಿದೆ ಸತ್ವವನ್ನು ನಿಷೇಧಿಸಿತ್ತೇ ಹೊರತು ಹೊಲದಲ್ಲಿ ನಿಂತ ಹಸಿ ಅಣಬೆಯನ್ನಲ್ಲ. ಒಣಗಿಸಿದರೆ ಅಪರಾಧ, ಹಸಿಯಾಗಿದ್ದರೆ ಇಲ್ಲ ಎಂಬ ವಾದದ ಸಂದಿಯಲ್ಲಿ ಅಂಗಡಿಗಳೇ ಹುಟ್ಟಿಕೊಂಡುವು. 2005ರ ಜುಲೈಯಲ್ಲಿ ಆ ಸಂದಿಯನ್ನು ಮುಚ್ಚಿ, ಹಸಿ ಅಣಬೆಯನ್ನೂ ಅತಿ ಕಠಿಣವಾದ ಮೊದಲ ವರ್ಗಕ್ಕೆ ಸೇರಿಸಿದರು. ತಾನಾಗಿ ಎದ್ದ ಅಣಬೆಗಾಗಿ ಹೊಲದ ಯಜಮಾನ ಸೆರೆಮನೆಗೆ ಹೋಗಬೇಕಾಗದಂತೆ ವಿನಾಯಿತಿಯೊಂದನ್ನೂ ಬರೆದರು. ಮಳೆ ಬಿದ್ದರೆ ಏಳುವುದನ್ನು ಕಾಯಿದೆ ಕಟ್ಟಿಹಾಕುವುದು ಸುಲಭವಲ್ಲ.

ಕಾಯಿದೆಗಿಂತ ನಮಗೆ ಹೆಚ್ಚು ಭಯ ಹುಟ್ಟಿಸಿದ ವಿಷಯ ಬೇರೆ. ಕಂದು ಬಣ್ಣದ ಪುಟ್ಟ ಅಣಬೆಗಳು ಒಂದೆರಡಲ್ಲ, ನೂರಾರು ಜಾತಿ. ಅವುಗಳನ್ನು ಬೇರ್ಪಡಿಸುವುದು ಜೀವಮಾನವೆಲ್ಲ ಅದನ್ನೇ ಓದಿದವರಿಗೂ ಕಷ್ಟ. ಅವುಗಳಲ್ಲಿ ಗ್ಯಾಲರಿನಾ ಎಂಬ ಕುಲದ ಕೆಲವುದರಲ್ಲಿ ಯಕೃತ್ತನ್ನೇ ಕೊಲ್ಲುವ ವಿಷವಿದೆ. 1981ರ ಡಿಸೆಂಬರಿನಲ್ಲಿ ಅಮೆರಿಕೆಯ ವಾಷಿಂಗ್ಟನ್ ರಾಜ್ಯದ ವಿಡ್ಬಿ ದ್ವೀಪದಲ್ಲಿ ಮೂವರು ಹದಿಹರೆಯದವರು ಮಾಯೆಯ ಅಣಬೆಯೆಂದು ನಂಬಿ ಇದನ್ನು ತಿಂದರು. ಹದಿನಾರು ವರ್ಷದ ಹುಡುಗಿ ಬದುಕಲಿಲ್ಲ. ಇದೇ ಬಗೆಯ ಅಮಲನ್ನು ಬಯಸಿ ಕಾರ್ಟಿನೇರಿಯಸ್ ಕುಲದ ಅಣಬೆ ತಿಂದು ಎರಡೂ ಮೂತ್ರಪಿಂಡಗಳನ್ನು ಕಳೆದುಕೊಂಡ ರೋಗಿಯ ಸಂಗತಿಯನ್ನು ಆಸ್ಟ್ರಿಯಾದ ವೈದ್ಯರು 1996ರಲ್ಲಿ ಪ್ರಕಟಿಸಿದರು. ಅಡುಗೆಗೆಂದು ಆಯ್ದವರೂ ತಪ್ಪಿದ್ದಾರೆ: 2008ರಲ್ಲಿ ಸ್ಕಾಟ್ಲೆಂಡಿನಲ್ಲಿ ಪ್ರಸಿದ್ಧ ಕಾದಂಬರಿಕಾರ ನಿಕೊಲಸ್ ಇವಾನ್ಸ್ ತಾನೇ ಕಿತ್ತು ತಂದ ಅದೇ ಕುಲದ ಅಣಬೆಗಳನ್ನು ಮನೆಯವರೊಡನೆ ಉಂಡು ಮೂತ್ರಪಿಂಡ ಕಳೆದುಕೊಂಡನು, ಮುಂದೆ ಮಗಳು ತನ್ನದೊಂದನ್ನು ಅವನಿಗೆ ಕೊಟ್ಟಳು. ನಮ್ಮ ದೇಶದಲ್ಲಿಯೇ 2022ರ ಏಪ್ರಿಲಿನಲ್ಲಿ ಅಸ್ಸಾಮಿನ ಚಹಾ ತೋಟಗಳ ಕಡೆ ಕಾಡಣಬೆ ತಿಂದು ಹದಿಮೂರು ಜನ ಸತ್ತರು.

ಈ ವಿಷದ ಕ್ರೂರವಾದ ಗುಣವೊಂದಿದೆ. ತಿಂದ ಕೂಡಲೆ ಅದು ಏನನ್ನೂ ಹೇಳುವುದಿಲ್ಲ. ಗ್ಯಾಲರಿನಾದ ವಿಷವಾದರೆ ಆರು ಗಂಟೆ, ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆದ ಮೇಲೆ ವಾಂತಿಭೇದಿ ತೊಡಗಿ, ಒಂದು ದಿನದಲ್ಲಿ ನಿಂತು, ಗುಣವಾಯಿತೆಂದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಒಳಗೆ ಯಕೃತ್ತು ಕುಸಿಯುತ್ತಿರುತ್ತದೆ. ಕಾರ್ಟಿನೇರಿಯಸ್ ಆದರೆ ಹಲವು ದಿನಗಳೇ ಬೇಕು. ಕುದಿಸಿದರೂ ವಿಷ ಹೋಗದು. ಬೆಳ್ಳಿಯ ಚಮಚ ಕಪ್ಪಾಗುವುದು, ಅಕ್ಕಿ ಕೆಂಪಾಗುವುದು ಮುಂತಾದ ಅಜ್ಜಿಯರ ಪರೀಕ್ಷೆಗಳನ್ನು ನಂಬುವಂತಿಲ್ಲ. ಸಂಶಯ ಬಂದರೆ ಹೊಟ್ಟೆನೋವು ಬರಲೆಂದು ಕಾಯದೆ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಮಕ್ಕಳು ಬೈಗುಳಕ್ಕೆ ಹೆದರಿ ಬಾಯಿ ಬಿಡದಿದ್ದರೆ ಕಳೆದುಹೋಗುವುದು ಆ ಗಂಟೆಗಳೇ. ದೀಪಾವಳಿಯ ಸಂಜೆಯ ನಮ್ಮ ಗದರಿಕೆ ಇಲ್ಲಿ ನಮಗೆ ಮತ್ತೆ ನೆನಪಾಯಿತು.

ನಮ್ಮ ದೇಶದ 1985ರ ಮಾದಕ ದ್ರವ್ಯ ಕಾಯಿದೆಯ ಪಟ್ಟಿಯಲ್ಲಿ ಸೈಲೊಸಿಬಿನ್ ಇದೆ. 2024ರಲ್ಲಿ ವಯನಾಡಿನಲ್ಲಿ ಒಬ್ಬನ ಬಳಿ ಇಂಥ ಅಣಬೆ ಸಿಕ್ಕಿತೆಂದು ಮೊಕದ್ದಮೆಯಾಯಿತು. 2025ರ ಜನವರಿಯಲ್ಲಿ ಕೇರಳದ ಉಚ್ಚ ನ್ಯಾಯಾಲಯ ಅವನಿಗೆ ಜಾಮೀನು ಕೊಡುವಾಗ, ಅಣಬೆ ತಾನಾಗಿ ಬೆಳೆದ ಶಿಲೀಂಧ್ರ, ಬೆರಕೆಯ ವಸ್ತುವಲ್ಲ. ಆದುದರಿಂದ ಇಡೀ ಅಣಬೆಯ ತೂಕವನ್ನು ಮಾದಕ ದ್ರವ್ಯದ ತೂಕವೆಂದು ಎಣಿಸಲಾಗದು ಎಂದಿತು. ಅಣಬೆ ಕಾಯಿದೆಯಿಂದ ಪಾರಾಯಿತೆಂದು ಕೆಲವರು ಹಬ್ಬಿಸಿದುದು ತಪ್ಪು. ತೀರ್ಪು ಜಾಮೀನಿನದು, ಸೈಲೊಸಿಬಿನ್ ಪಟ್ಟಿಯಲ್ಲಿಯೇ ಇದೆ. ಇನ್ನೊಂದು ದಿಕ್ಕಿನಲ್ಲಿ, ಬೇರಾವ ಮದ್ದಿಗೂ ಬಗ್ಗದ ಖಿನ್ನತೆಗೆ ಅದೇ ಸತ್ವವನ್ನು ಕೊಡಲು ಆಸ್ಟ್ರೇಲಿಯ 2023ರ ಜುಲೈಯಿಂದ ಅನುಮತಿಸಿದೆ. ಆದರೆ ಅಧಿಕಾರ ಪಡೆದ ಮನೋವೈದ್ಯರಿಗೆ ಮಾತ್ರ, ಅವರ ಕಣ್ಣೆದುರಿನಲ್ಲಿ. ಮರಿಯಾ ಸಬೀನಾ ಹಾಡುತ್ತ ಎಚ್ಚರವಾಗಿ ಕುಳಿತಿರುತ್ತಿದ್ದ ಎಡೆಯಲ್ಲಿ ಈಗ ವೈದ್ಯರು ಕುಳಿತಿದ್ದಾರೆ.

ಈ ಮಳೆಗಾಲದ ಮೊದಲಿಗೆ ಹುಡುಗ ಮತ್ತೆ ಬಂದಿದ್ದನು. ಮೇಲಿನದನ್ನೆಲ್ಲ ಎರಡು ಸಂಜೆ ಅವನಿಗೆ ಹೇಳಿದೆವು. ಈ ಬಾರಿ ಎದ್ದು ಹೋಗಲಿಲ್ಲ. ಮೂರನೆಯ ದಿನ ಬೆಳಗ್ಗೆ, ನಮ್ಮ ತೋಟದ ಕೆಲಸಕ್ಕೆ ಮೊದಲಿನಿಂದಲೂ ಬರುತ್ತಿರುವ ಹಿರಿಯ ಹೆಂಗಸು ಕಲ್ಲಣಬೆಗೆಂದು ಗುಡ್ಡೆಗೆ ಹೊರಟಾಗ ಅವನೂ ಬುಟ್ಟಿ ಹಿಡಿದು ಹಿಂದೆ ನಡೆದನು. ನಾವೂ ಹೋದೆವು. ಆಕೆ ಕೋಲಿನ ಮೊನೆಯಿಂದ ಮಣ್ಣು ಕೆದಕಿ ಗೋಲಿಯಂಥ ಅಣಬೆಗಳನ್ನು ಎತ್ತುವಳು, ಸಂಶಯ ಬಂದುದನ್ನು ಉಗುರಿನಿಂದ ಸೀಳಿ ನೋಡುವಳು; ಒಳಗೆ ಬೆಳ್ಳಗಿದ್ದರೆ ಬುಟ್ಟಿಗೆ, ಕಪ್ಪಾಗಿದ್ದರೆ ಪೊದೆಗೆ. ದನ ಮೇಯುವ ಹುಲ್ಲಿನ ನಡುವೆ ಕಂದು ಬಣ್ಣದ ಪುಟ್ಟ ಕೊಡೆಗಳು ನಾಲ್ಕಾರು ನಿಂತಿದ್ದುವು. ಹುಡುಗ ಬಗ್ಗಿ ನೋಡಿ, ಇದು ಯಾವುದೆಂದು ಕೇಳಿದನು. ಇಲ್ಲಿ ಅರುವತ್ತು ಮಳೆಗಾಲ ಕಂಡ ಆಕೆ ತಲೆಯೆತ್ತದೆ ತುಳುವಿನಲ್ಲಿ ಹೇಳಿದಳು: ತನಗೆ ಗೊತ್ತಿರುವುದು ಮೂರು ಅಣಬೆ, ತಾಯಿ ತೋರಿಸಿಕೊಟ್ಟವು, ಅದು ಆ ಮೂರರಲ್ಲಿಲ್ಲ. ಮತ್ತೆ ಕೋಲನ್ನು ಮಣ್ಣಿಗೆ ಊರಿದಳು. ಹುಡುಗ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದು, ಬುಟ್ಟಿಯನ್ನೆತ್ತಿಕೊಂಡು ಆಕೆಯ ಹಿಂದೆ ಹೋದನು.